ಒಂದೇ ಫೈಲು, ಎರಡು ಊರು: ಗದಗಿನ ಮುದ್ರಣಾಲಯವೊಂದರ ಸರ್ವರ್ ಪ್ರಕರಣ

ಸಹಕಾರಿ ಸಂಘವೊಂದರ ಗೋಡೆ ಕ್ಯಾಲೆಂಡರ್ ಅಚ್ಚಾಗಿ ಬಂದಾಗ ಒಂದು ರಜೆ ತಪ್ಪು ದಿನಕ್ಕೆ ಕೆಂಪಾಗಿತ್ತು. ಚಂದ್ರನನ್ನು ನೋಡಿ ಲೆಕ್ಕ ಹಾಕುವ ರಜೆ ಅದು, ಪ್ರತಿ ವರ್ಷ ಜಾಗ ಬದಲಿಸುತ್ತದೆ. ಸಂಘದವರು ಪ್ರೂಫ್‌ನಲ್ಲೇ ಅದಕ್ಕೆ ಗುರುತು ಹಾಕಿ ಕಳಿಸಿದ್ದರು. ಹುಬ್ಬಳ್ಳಿಯ ಡಿಸೈನರ್ ತಿದ್ದಿದ್ದರು. ತಿದ್ದಿದ ಪುಟವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದರು. ಆದರೆ ಗದಗಿನಲ್ಲಿ ಪ್ಲೇಟ್ (ಯಂತ್ರಕ್ಕೆ ಹಾಕುವ ಅಚ್ಚಿನ ತಗಡು) ಆದದ್ದು ಹಳೆಯ ಪುಟ. ಮತ್ತೆ ಪ್ಲೇಟ್, ಮತ್ತೆ ಕಾಗದ, ಮತ್ತೆ ಇಂಕು. ಎಲ್ಲ ಪ್ರೆಸ್ ಮಾಲೀಕರ ಖರ್ಚು.

ನನ್ನನ್ನು ಕರೆದಾಗ ಜಗಳ ಕಂಪ್ಯೂಟರಿನದಾಗಿರಲಿಲ್ಲ, ಜನರದಾಗಿತ್ತು. ಹುಬ್ಬಳ್ಳಿ ಕಡೆಯವರು ನಾವು ತಿದ್ದಿದ್ದೇವೆ ಅನ್ನುತ್ತಿದ್ದರು. ಗದಗಿನವರು ಸರ್ವರ್‌ನಲ್ಲಿ ಇದ್ದದ್ದನ್ನೇ ಹಾಕಿದ್ದೇವೆ ಅನ್ನುತ್ತಿದ್ದರು. ವಿಚಿತ್ರ ಅಂದರೆ, ಈಗ ಹುಬ್ಬಳ್ಳಿ ಸರ್ವರ್‌ನಲ್ಲಿ ತೆರೆದು ನೋಡಿದರೂ ತಿದ್ದದ ಪುಟವೇ ಕಾಣುತ್ತಿತ್ತು. ಹಾಗಾಗಿ ಡಿಸೈನರ್ ಸುಳ್ಳು ಹೇಳುತ್ತಿದ್ದಾರೆ ಅಂತ ಅರ್ಧ ಆಫೀಸು ತೀರ್ಮಾನ ಮಾಡಿಬಿಟ್ಟಿತ್ತು. ಸುಮ್ನೆ ಅಲ್ಲ, ಸಂಬಳದಲ್ಲಿ ಮುರಿಯುವ ಮಾತೂ ಬಂದಿತ್ತು.

ಏನೇನು ಎಲ್ಲೆಲ್ಲಿತ್ತು

ಗದಗ ಅಚ್ಚಿನ ಊರು, ಪಕ್ಕದ ಬೆಟಗೇರಿ ನೇಕಾರರ ಊರು. ಲಾರಿ ಉದ್ಯಮಕ್ಕೆ ಹೆಸರಾದ ವಿಜಯ ಸಂಕೇಶ್ವರ ಅವರ ಮನೆತನದ ಕಸುಬೂ ಮೊದಲು ಗದಗಿನ ಮುದ್ರಣವೇ. ಕ್ಯಾಲೆಂಡರ್, ಪಂಚಾಂಗ, ಶಾಲೆ ನೋಟ್‌ಬುಕ್, ಲಗ್ನಪತ್ರಿಕೆ: ಈ ಪ್ರೆಸ್‌ನ ಕೆಲಸವೂ ಇದೇ. ಅಚ್ಚಿನ ಯಂತ್ರಗಳು ಗದಗಿನಲ್ಲಿ. ಗಿರಾಕಿಗಳು ಜಾಸ್ತಿ ಇರುವುದು ಹುಬ್ಬಳ್ಳಿಯಲ್ಲಿ, ಹಾಗಾಗಿ ಡಿಸೈನ್ ಆಫೀಸು ಅಲ್ಲಿ. ನಡುವೆ ಸುಮಾರು 60 ಕಿಲೋಮೀಟರ್. ಮೊದಲು ಫೈಲುಗಳು ಪೆನ್‌ಡ್ರೈವ್‌ನಲ್ಲಿ ಅಣ್ಣಿಗೇರಿ ದಾಟಿ ಬಸ್ಸಿನಲ್ಲೇ ಬರುತ್ತಿದ್ದವು. ನಿಧಾನವಾಗಿತ್ತು, ಆದರೆ ಯಾವ ಫೈಲು ಕೊನೆಯದು ಅನ್ನುವ ಪ್ರಶ್ನೆ ಏಳುತ್ತಿರಲಿಲ್ಲ.

ಆಮೇಲೆ ಎರಡೂ ಊರಲ್ಲಿ ಒಂದೊಂದು ವಿಂಡೋಸ್ ಸರ್ವರ್ 2012 ಕೂತವು. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2023ರ ಅಕ್ಟೋಬರ್‌ನಲ್ಲಿ. ಆದರೂ ಓಡುತ್ತಿತ್ತು, ಸಣ್ಣ ಪ್ರೆಸ್‌ಗಳಲ್ಲಿ ನಡೆಯುವುದೇ ಹಾಗೆ. ಎರಡರಲ್ಲೂ 'ಕೆಲಸ' ಅನ್ನುವ ಒಂದು ದೊಡ್ಡ ಫೋಲ್ಡರ್. ಆ ಎರಡನ್ನೂ ವಿಂಡೋಸ್ ಸರ್ವರ್‌ನಲ್ಲೇ ಬರುವ ಡಿಎಫ್‌ಎಸ್ ರೆಪ್ಲಿಕೇಷನ್ ಅನ್ನುವ ಸೌಲಭ್ಯ ಜೋಡಿಸಿತ್ತು. ಇಲ್ಲಿ ಬರೆದದ್ದು ಅಲ್ಲಿಗೆ, ಅಲ್ಲಿ ಬರೆದದ್ದು ಇಲ್ಲಿಗೆ. ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್ ಅನ್ನುವ ಖಾಸಗಿ ದಾರಿ, ಅದರ ಮೇಲೆ ಈ ಹರಿದಾಟ.

ಇವಲ್ಲದೆ ಹುಬ್ಬಳ್ಳಿಯಲ್ಲಿ ಲಿನಕ್ಸ್ ಮೇಲೆ ಓಡುವ ಒಂದು ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಪೆಟ್ಟಿಗೆ, ಹಳೇ ಕೆಲಸಗಳನ್ನು ತುಂಬಿಡಲು. ಅಲ್ಲೇ ಎರಡು ಮ್ಯಾಕ್. ಗದಗಿನಲ್ಲಿ ಪ್ಲೇಟ್ ತೆಗೆಯುವ ಯಂತ್ರಕ್ಕೆ ಅಂಟಿಕೊಂಡ ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್. ಅದರ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಏಳುವುದೇ ಇಲ್ಲ.

ಕರೆಂಟ್ ಹೋದ ಸಂಜೆ

ಇಂಥ ಕಡೆ ಮೊದಲು ಸರ್ವರ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ಲಾಗ್ ನೋಡಬೇಕು. ಜನರ ನೆನಪು ಆಮೇಲೆ. ಗದಗಿನ ಸರ್ವರ್ ಲಾಗ್‌ನಲ್ಲಿ ಡಿಎಫ್‌ಎಸ್ ಭಾಗದಲ್ಲಿ 2213 ಅನ್ನುವ ಸಂಖ್ಯೆ ಕೂತಿತ್ತು. ಅಲ್ಲಿಗೆ ಅರ್ಧ ಕಥೆ ಬಿಚ್ಚಿಕೊಂಡಿತು.

ಕ್ಯಾಲೆಂಡರ್ ಸೀಸನ್ ನಡುವೆ ಒಂದು ಸಂಜೆ ಕರೆಂಟ್ ಹೋಗಿತ್ತು. ಯುಪಿಎಸ್ ಬ್ಯಾಟರಿ ಹಳತಾಗಿತ್ತು, ಸರ್ವರ್ ತಟ್ಟನೆ ಆರಿತು. ರೆಪ್ಲಿಕೇಷನ್ ತನ್ನ ಲೆಕ್ಕವನ್ನೆಲ್ಲ ಒಂದು ಚಿಕ್ಕ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ: ಯಾವ ಫೈಲಿನ ಯಾವ ಆವೃತ್ತಿ ಯಾವ ಸರ್ವರ್‌ನಿಂದ ಬಂತು ಅಂತ. ತಟ್ಟನೆ ಆರಿದರೆ ಆ ಲೆಕ್ಕ ಅರ್ಧಕ್ಕೆ ನಿಂತಿರಬಹುದು. 2012ರ ವಿಂಡೋಸ್ ಸರ್ವರ್ ಇಂಥ ಹೊತ್ತಿನಲ್ಲಿ ತಾನಾಗಿ ಮುಂದುವರಿಯುವುದಿಲ್ಲ. ರೆಪ್ಲಿಕೇಷನ್ ನಿಲ್ಲಿಸಿ, 2213 ಅಂತ ಬರೆದಿಟ್ಟು, ಯಾರಾದರೂ ಬಂದು ಮುಂದುವರಿಸು ಅನ್ನುವವರೆಗೆ ಕಾಯುತ್ತದೆ.

ಇದರಲ್ಲಿ ಕೆಡುಕು ಏನಂದರೆ, ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ಫೋಲ್ಡರ್ ತೆರೆಯುತ್ತದೆ, ಫೈಲು ಸೇವ್ ಆಗುತ್ತದೆ, ಎಲ್ಲ ಮಾಮೂಲು. ಎರಡು ಊರುಗಳ ನಡುವಿನ ಹರಿದಾಟ ಮಾತ್ರ ನಿಂತಿರುತ್ತದೆ. ಅಂದಿನಿಂದ ಹುಬ್ಬಳ್ಳಿಯ 'ಕೆಲಸ' ಬೇರೆ, ಗದಗಿನ 'ಕೆಲಸ' ಬೇರೆ.

ಈ ನಡುವೆ ಹುಬ್ಬಳ್ಳಿಯಲ್ಲಿ ರಜೆಯ ದಿನ ತಿದ್ದಿದರು. ಅದು ಗದಗಿಗೆ ಬರಲೇ ಇಲ್ಲ. ಎರಡು ದಿನ ಬಿಟ್ಟು ಗದಗಿನ ಆಪರೇಟರ್ ಅದೇ ಫೈಲಿನ ತನ್ನ ಕಡೆಯ ಪ್ರತಿಯನ್ನು ತೆರೆದು, ಸಂಘದ ಹೊಸ ಫೋನ್ ನಂಬರ್ ಹಾಕಿ, ಸೇವ್ ಮಾಡಿ, ಪ್ಲೇಟ್‌ಗೆ ಕಳಿಸಿದರು. ಅವರ ಕಣ್ಣ ಮುಂದೆ ಇದ್ದದ್ದು ಒಂದೇ ಫೈಲು. ಅನುಮಾನ ಯಾಕೆ ಬರಬೇಕು?

ಆಮೇಲೆ ಹೊಸ ಕೆಲಸಗಳು ಹುಬ್ಬಳ್ಳಿಯಿಂದ ಬರುತ್ತಿಲ್ಲ ಅಂತ ಗದಗಿನಲ್ಲಿ ಗೊತ್ತಾಯಿತು. ಲೆಕ್ಕ ನೋಡುವ ಹುಡುಗನೇ ಅಲ್ಲಿ ಕಂಪ್ಯೂಟರ್ ಡಾಕ್ಟರ್ ಕೂಡ. ಅವನು ಲಾಗ್ ತೆರೆದು, 2213ರ ಸಂದೇಶದಲ್ಲೇ ಬರೆದಿದ್ದ ಆದೇಶವನ್ನು ಕಾಪಿ ಮಾಡಿ ಓಡಿಸಿದ. ಹರಿದಾಟ ಶುರುವಾಯಿತು. ಎಲ್ಲರೂ ಭೇಷ್ ಅಂದರು. ಆದರೆ ಆ ಸಂದೇಶದಲ್ಲಿ ಇರುವುದು ಎರಡು ಹೆಜ್ಜೆ. ಮುಂದುವರಿಸುವ ಆದೇಶ ಎರಡನೆಯದು. ಮೊದಲನೆಯದು, ಆ ಡ್ರೈವ್‌ನ ರೆಪ್ಲಿಕೇಷನ್ ಫೋಲ್ಡರ್‌ಗಳನ್ನೆಲ್ಲ ಬ್ಯಾಕಪ್ ಮಾಡಿಕೊಳ್ಳಿ, ಇಲ್ಲದಿದ್ದರೆ ಡೇಟಾ ಹೋಗಬಹುದು ಅನ್ನುವುದು. ಸೀಸನ್ ಗದ್ದಲದಲ್ಲಿ ಮೊದಲ ಹೆಜ್ಜೆಯನ್ನು ಯಾರು ಓದುತ್ತಾರೆ!

ಹರಿದಾಟ ಮತ್ತೆ ಶುರುವಾದಾಗ ಒಂದೇ ಹೆಸರಿನ ಎರಡು ಬೇರೆ ಫೈಲು ಎದುರಾದವು. ಡಿಎಫ್‌ಎಸ್‌ಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಅದರ ನಿಯಮ ಸರಳ: ಕೊನೆಗೆ ಬರೆದವನೇ ಗೆದ್ದ. ಒಂದೇ ಉದ್ರಿ ಪುಸ್ತಕಕ್ಕೆ ಎರಡು ಅಂಗಡಿಯಲ್ಲಿ ಎರಡು ಪ್ರತಿ ಇಟ್ಟು, ರಾತ್ರಿ ಯಾರ ಪುಸ್ತಕದಲ್ಲಿ ಮಸಿ ಹಸಿ ಇದೆಯೋ ಅದನ್ನೇ ಇಟ್ಟುಕೊಂಡು ಇನ್ನೊಂದನ್ನು ಅಟ್ಟಕ್ಕೆ ಹಾಕಿದ ಹಾಗೆ. ಫೋನ್ ನಂಬರ್ ಹಾಕಿದ್ದು ಆಮೇಲೆ. ಹಾಗಾಗಿ ಗದಗಿನ ಫೈಲು ಗೆದ್ದು ಹುಬ್ಬಳ್ಳಿಗೂ ಹೋಗಿ ಕೂತಿತು. ರಜೆ ತಿದ್ದಿದ ಫೈಲು ಅಟ್ಟ ಸೇರಿತು.

ಆ ಅಟ್ಟ ನಿಜವಾಗಿಯೂ ಇದೆ. ಪ್ರತಿ ರೆಪ್ಲಿಕೇಷನ್ ಫೋಲ್ಡರ್‌ಗೂ ಮರೆಯಲ್ಲಿ 'ಕಾನ್‌ಫ್ಲಿಕ್ಟ್ ಆಂಡ್ ಡಿಲೀಟೆಡ್' ಅನ್ನುವ ಜಾಗ ಇರುತ್ತದೆ. ಸೋತ ಫೈಲುಗಳು ಅಲ್ಲಿ ಹೆಸರಿನ ಕೊನೆಗೆ ಉದ್ದದ ಬಾಲ ಅಂಟಿಸಿಕೊಂಡು ಕೂತಿರುತ್ತವೆ. ಯಾವುದು ಯಾವ ಹೆಸರಿನದು, ಎಲ್ಲಿಂದ ಬಂತು, ಯಾವಾಗ ಬಂತು ಅಂತ ಪಕ್ಕದಲ್ಲೇ ಒಂದು ಎಕ್ಸ್‌ಎಂಎಲ್ ಪಟ್ಟಿ. ಹುಬ್ಬಳ್ಳಿ ಸರ್ವರ್‌ನ ಆ ಪಟ್ಟಿಯಲ್ಲಿ ಕ್ಯಾಲೆಂಡರ್ ಪುಟ ಸಿಕ್ಕಿತು. ತೆರೆದರೆ ರಜೆ ಸರಿಯಾದ ದಿನಕ್ಕೇ ಇತ್ತು. ಡಿಸೈನರ್ ಹೇಳಿದ್ದು ನಿಜ, ಗದಗಿನ ಆಪರೇಟರ್ ಹೇಳಿದ್ದೂ ನಿಜ. ಸಂಬಳದ ಮಾತು ಅಲ್ಲಿಗೆ ನಿಂತಿತು.

ಬೇಗ ನೋಡಿದ್ದರಿಂದ ಸಿಕ್ಕಿತು ಅನ್ನಬೇಕು. ಆ ಜಾಗಕ್ಕೆ ಒಂದು ಮಿತಿ ಇದೆ. ತುಂಬಿದರೆ ಹಳೆಯವು ಅಳಿದುಹೋಗುತ್ತವೆ. ಪ್ರೆಸ್‌ನ ಫೈಲುಗಳು ದೊಡ್ಡವು, ಬೇಗ ತುಂಬುತ್ತದೆ. ಇನ್ನೊಂದು ಗಡುವೂ ಇತ್ತು. 2012ರ ಸರ್ವರ್‌ನಲ್ಲಿ ರೆಪ್ಲಿಕೇಷನ್ 60 ದಿನಕ್ಕಿಂತ ಹೆಚ್ಚು ನಿಂತರೆ ಆ ಸರ್ವರ್‌ನ ಮಾಹಿತಿ ಹಳಸಿದೆ ಅಂತ ಪಕ್ಕಕ್ಕೆ ಇಟ್ಟುಬಿಡುತ್ತದೆ. ಆಗ ಬೇರೆಯೇ ತಲೆನೋವು.

ಬೀಗ ಊರು ದಾಟುವುದಿಲ್ಲ

ಮಾಲೀಕರಿಗೆ ಇದು ಸಾಕಾಗಿತ್ತು. ಹೊಸ ಯುಪಿಎಸ್ ಹಾಕೋಣ, ಮುಗೀತಲ್ಲ ಅಂದರು. ಯುಪಿಎಸ್ ಹಾಕಲೇಬೇಕಿತ್ತು, ಅದು ಬೇರೆ ಮಾತು. ಆದರೆ ಕರೆಂಟ್ ಒಂದು ದಿನವೂ ಹೋಗದಿದ್ದರೂ ಇದೇ ಕ್ಯಾಲೆಂಡರ್ ಇದೇ ರೀತಿ ಕೆಡಬಹುದಿತ್ತು. ಇಡೀ ಪ್ರಕರಣದಲ್ಲಿ ಅವರಿಗೆ ಒಪ್ಪಿಸಲು ಕಷ್ಟವಾದ ಸಂಗತಿ ಇದೇ.

ಒಂದೇ ಸರ್ವರ್ ಇದ್ದಾಗ ಏನಾಗುತ್ತದೆ ನೋಡಿ. ಒಬ್ಬರು ಫೈಲು ತೆರೆದರೆ ಸರ್ವರ್ ತನ್ನ ನೆನಪಿನಲ್ಲಿ ಗುರುತು ಇಟ್ಟುಕೊಳ್ಳುತ್ತದೆ: ಇದು ಇಂಥವರ ಕೈಯಲ್ಲಿದೆ. ಎರಡನೆಯವರು ತೆರೆಯಲು ಹೋದರೆ ಓದಲು ಮಾತ್ರ ಸಿಗುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಬೀಗ ಅನ್ನುವುದು ಇಷ್ಟೇ, ಆ ಸರ್ವರ್‌ನ ನೆನಪಿನಲ್ಲಿರುವ ಒಂದು ಗುರುತು. ಅದು ಡಿಸ್ಕ್ ಮೇಲಿನ ಫೈಲಲ್ಲ. ಡಿಎಫ್‌ಎಸ್ ರೆಪ್ಲಿಕೇಷನ್ ಸಾಗಿಸುವುದು ಡಿಸ್ಕ್ ಮೇಲಿನ ಫೈಲುಗಳನ್ನು ಮಾತ್ರ. ಹಾಗಾಗಿ ಗದಗಿನ ಸರ್ವರ್ ಹಾಕಿದ ಬೀಗ ಹುಬ್ಬಳ್ಳಿಯ ಸರ್ವರ್‌ಗೆ ಎಂದೂ ಗೊತ್ತಾಗುವುದಿಲ್ಲ.

ಆದರೆ ಡಿಸೈನರ್ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನ ಫೈಲು ತೆರೆದಾಗ ಪಕ್ಕದಲ್ಲೇ ಐಡಿಎಲ್‌ಕೆ ಅಂತ ಕೊನೆಯಾಗುವ ಚಿಕ್ಕ ಫೈಲು ಹುಟ್ಟುತ್ತದಲ್ಲ, ಅದು ಬೀಗವೇ ತಾನೆ? ಅದು ಡಿಸ್ಕ್ ಮೇಲೇ ಇದೆಯಲ್ಲ? ಹೌದು. ಆದರೆ ಆ ಫೈಲಿನ ಹೆಸರು ಶುರುವಾಗುವುದು ಅಲೆಯಂಥ ಒಂದು ಗೀಟಿನಿಂದ, ಟಿಲ್ಡೆ ಅನ್ನುತ್ತಾರೆ. ಡಿಎಫ್‌ಎಸ್ ರೆಪ್ಲಿಕೇಷನ್ ಹುಟ್ಟಾ ಮೂರು ಬಗೆಯ ಫೈಲುಗಳನ್ನು ಸಾಗಿಸುವುದಿಲ್ಲ: ಟಿಲ್ಡೆಯಿಂದ ಶುರುವಾಗುವವು, ಬಿಎಕೆ ಮತ್ತು ಟಿಎಂಪಿ ಅಂತ ಕೊನೆಯಾಗುವವು. ತಾತ್ಕಾಲಿಕ ಕಸ ಸಾಗಿಸಬಾರದು ಅನ್ನುವ ಸದುದ್ದೇಶ. ಆ ಕಸದ ಜೊತೆ ಇನ್‌ಡಿಸೈನ್‌ನ ಬೀಗವೂ ಹೋಯಿತು. ವರ್ಡ್‌ನ ಬೀಗದ ಫೈಲಿಗೂ ಇದೇ ಗತಿ.

ಹಾಗಾದರೆ ಆ ಸೋಸುವಿಕೆಯನ್ನು ತೆಗೆದುಬಿಟ್ಟರೆ? ತೆಗೆಯಬಹುದು. ಆದರೆ ಬೀಗದ ಫೈಲು ಕೂಡ ಉಳಿದ ಫೈಲುಗಳ ಜೊತೆ ಸಾಲಿನಲ್ಲಿ ನಿಂತು, ಬ್ರಾಡ್‌ಬ್ಯಾಂಡ್ ಬಿಡುವಾದಾಗ ಬರುತ್ತದೆ. ತಡವಾಗಿ ಬರುವ ಬೀಗ ಬೀಗವಲ್ಲ. ಇನ್ನು ತೆಗೆದದ್ದು ತಡವಾಗಿ ತಿಳಿದರೆ, ಖಾಲಿ ಕೋಣೆಗೆ ದಿನವಿಡೀ ಬೀಗ.

ಇದಕ್ಕೆ ಎರಡು ಸಂಗತಿಗಳು ತುಪ್ಪ ಸುರಿದಿದ್ದವು. ಒಂದು, ಆಪರೇಟರ್‌ಗಳು ರಾತ್ರಿ ಫೈಲು ಮುಚ್ಚದೆ ಹೋಗುತ್ತಿದ್ದರು. ಪ್ರೋಗ್ರಾಂ ಫೈಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಡಿಎಫ್‌ಎಸ್ ಅದನ್ನು ಮುಟ್ಟುವುದಿಲ್ಲ, ಮುಚ್ಚುವವರೆಗೆ ಕಾಯುತ್ತದೆ. ಎರಡು, ಸ್ಟೇಜಿಂಗ್ ಜಾಗ. ಫೈಲು ಊರು ಬಿಡುವ ಮುಂಚೆ ಅಲ್ಲಿ ಮೂಟೆ ಕಟ್ಟಿಸಿಕೊಳ್ಳುತ್ತದೆ. ಆ ಜಾಗದ ಹುಟ್ಟಾ ಅಳತೆ 4,096 ಎಂಬಿ. ಫೋಲ್ಡರ್‌ನ ಅತಿ ದೊಡ್ಡ 32 ಫೈಲುಗಳು ಹಿಡಿಸುವಷ್ಟಾದರೂ ಇರಲಿ ಅನ್ನುವುದು ಮೈಕ್ರೋಸಾಫ್ಟ್‌ನ ಸಲಹೆ. ಇಲ್ಲಿ ಅರ್ಧ ಜಿಬಿ ತೂಗುವ ಚಿತ್ರಗಳು ಬೇಕಾದಷ್ಟು. ಅಂದರೆ 16 ಜಿಬಿ ಬೇಕು, ಇದ್ದದ್ದು ನಾಲ್ಕು. ಮೂಟೆ ಕಟ್ಟುವುದು, ಜಾಗ ಸಾಲದೆ ಬಿಚ್ಚುವುದು, ಮತ್ತೆ ಕಟ್ಟುವುದು. ಹುಬ್ಬಳ್ಳಿ ಕಡೆಯವರು ಇಂಟರ್ನೆಟ್ ಸ್ಲೋ ಅಂತ ಬೈಯುತ್ತಿದ್ದರು.

ಬೇಡ ಅಂದ ದಾರಿಗಳು

ಎಲ್ಲವನ್ನೂ ಹುಬ್ಬಳ್ಳಿಯ ಒಂದೇ ಸರ್ವರ್‌ನಲ್ಲಿ ಇಟ್ಟು, ಗದಗಿನವರು ವಿಪಿಎನ್ ಮೇಲೆ ತೆರೆಯಲಿ ಅನ್ನುವುದು ಮೊದಲ ಯೋಚನೆ. ಬೀಗದ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಆದರೆ ಲೆಕ್ಕ ಹಾಕಿ: 400 ಎಂಬಿ ಫೈಲು, ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್. ತೆರೆಯಲು 160 ಸೆಕೆಂಡ್, ಅದೂ ಆ ಹೊತ್ತಿನಲ್ಲಿ ಲೈನಿನ ಮೇಲೆ ಬೇರೆ ಯಾರೂ ಇಲ್ಲದಿದ್ದರೆ. ಸೇವ್ ಮಾಡಲು ಮತ್ತೆ ಅಷ್ಟೇ. ಲೈನ್ ಕಡಿದರೆ ಗದಗಿನ ಯಂತ್ರಗಳು ಕೈಕಟ್ಟಿ ಕೂರುತ್ತವೆ. ಅಚ್ಚಿನ ಯಂತ್ರ ನಿಂತ ಪ್ರತಿ ಗಂಟೆಗೂ ದುಡ್ಡು.

ಮಾಲೀಕರ ಅಳಿಯ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾರೆ. ಅವರು ಗ್ಲಸ್ಟರ್ ಅಥವಾ ಸೆಫ್ ಹಾಕಿ ಅಂದರು. ಎರಡೂ ಒಳ್ಳೆಯ ಸಾಫ್ಟ್‌ವೇರ್, ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಕಣಜ ಮಾಡುತ್ತವೆ. ಆದರೆ ಅವು ಒಂದೇ ಕೋಣೆಯಲ್ಲಿ, ವೇಗದ ಸ್ವಿಚ್ ಮೇಲೆ ಕೂರುವ ಸರ್ವರ್‌ಗಳಿಗೆ. ಬರೆದದ್ದು ಎಲ್ಲ ಪ್ರತಿಗಳಿಗೂ ಮುಟ್ಟಿದ ಮೇಲೆಯೇ ಸೇವ್ ಆಯಿತು ಅನ್ನುತ್ತವೆ. ಎರಡು ಊರಿನ ನಡುವೆ ಹಾಕಿದರೆ ಪ್ರತಿ ಸೇವ್ ಕೂಡ ಗದಗಿಗೆ ಹೋಗಿ ಬರಬೇಕು. ಗ್ಲಸ್ಟರ್‌ನಲ್ಲಿ ಬರೀ ಎರಡು ಪ್ರತಿ ಇಟ್ಟರೆ, ನಡುವಿನ ಲೈನ್ ಕಡಿದಾಗ ಎರಡೂ ಕಡೆ ಬೇರೆ ಬೇರೆ ಬರೆದು ಸ್ಪ್ಲಿಟ್ ಬ್ರೇನ್ ಆಗುವ ಅಪಾಯ ಇದ್ದೇ ಇದೆ. ತೀರ್ಪು ಹೇಳಲು ಮೂರನೆಯದೊಂದು ಬೇಕು. ದೂರದ ಊರಿಗೆ ಪ್ರತಿ ಕಳಿಸಲು ಗ್ಲಸ್ಟರ್‌ನಲ್ಲೇ ಜಿಯೋ ರೆಪ್ಲಿಕೇಷನ್ ಅಂತ ಇದೆ. ಅದು ಒಂದೇ ದಿಕ್ಕಿಗೆ ಹರಿಯುತ್ತದೆ. ಅಷ್ಟು ದೊಡ್ಡ ವ್ಯವಸ್ಥೆ ಕಟ್ಟಿದವರೇ ಊರು ದಾಟುವಾಗ ಒಂದು ದಿಕ್ಕು ಸಾಕು ಅಂದಿದ್ದಾರೆ ಅಂದಮೇಲೆ, ಎರಡು ಸರ್ವರ್ ಮತ್ತು ಒಬ್ಬ ಲೆಕ್ಕದ ಹುಡುಗ ಇರುವ ನಾವು ಎರಡು ದಿಕ್ಕಿಗೆ ಯಾಕೆ ಒದ್ದಾಡಬೇಕು?

ಪ್ರತಿ ಫೋಲ್ಡರ್‌ಗೂ ಒಂದೇ ಊರು

ಹಾಗಾಗಿ ಸಾಫ್ಟ್‌ವೇರ್ ಬದಲಿಸಲಿಲ್ಲ. ದಿಕ್ಕು ಬದಲಿಸಿದೆವು. 'ಕೆಲಸ' ಅನ್ನುವ ಒಂದು ದೊಡ್ಡ ಫೋಲ್ಡರ್ ಒಡೆದೆವು. 'ವಿನ್ಯಾಸ' ಹುಬ್ಬಳ್ಳಿಯದು. 'ಅಚ್ಚಿಗೆ' ಗದಗಿನದು. ಯಾವ ಊರಿನದೋ ಅಲ್ಲಿ ಮಾತ್ರ ಬರೆಯಬಹುದು. ಇನ್ನೊಂದು ಊರಿನಲ್ಲಿ ಅದರ ಓದುವ ಪ್ರತಿ ಮಾತ್ರ ಇರುತ್ತದೆ. ಡಿಎಫ್‌ಎಸ್‌ನಲ್ಲಿ ಈ ಓದುವ ಪ್ರತಿಯ ಸೌಲಭ್ಯ 2008 ಆರ್2 ಆವೃತ್ತಿಯಿಂದಲೇ ಇದೆ, ಯಾರೂ ಬಳಸಿರಲಿಲ್ಲ ಅಷ್ಟೇ. ಓದುವ ಪ್ರತಿಗೆ ಬರೆಯಲು ಹೋದರೆ ಸರ್ವರ್ ಮುಖಕ್ಕೇ ಬೇಡ ಅನ್ನುತ್ತದೆ. ತಪ್ಪು ಫೈಲಿಗೆ ಸೇವ್ ಆಗಿ ಆಮೇಲೆ ಅಟ್ಟ ಹುಡುಕುವುದಕ್ಕಿಂತ ಆ ಬೇಡವೇ ವಾಸಿ, ಅಲ್ವಾ?

ಎಲ್ಲ ಕಂಪ್ಯೂಟರ್‌ಗಳಿಗೂ ದಾರಿ ಒಂದೇ ಕಾಣಬೇಕು. ಅದಕ್ಕೆ ಡಿಎಫ್‌ಎಸ್ ನೇಮ್‌ಸ್ಪೇಸ್. ಆಪರೇಟರ್‌ಗೆ ಕಾಣುವುದು ಪ್ರೆಸ್ ಹೆಸರಿನ ಕೆಳಗೆ 'ವಿನ್ಯಾಸ', 'ಅಚ್ಚಿಗೆ' ಅಂತ ಅಷ್ಟೇ. ಅದರ ಹಿಂದೆ ಯಾವ ಸರ್ವರ್ ಅನ್ನುವುದು ಅವರಿಗೆ ಬೇಕಿಲ್ಲ. ನಾಳೆ ಸರ್ವರ್ ಬದಲಾದರೂ ಇನ್‌ಡಿಸೈನ್‌ನಲ್ಲಿ ಜೋಡಿಸಿದ ಚಿತ್ರಗಳ ಕೊಂಡಿ ಮುರಿಯುವುದಿಲ್ಲ.

ತಾಂತ್ರಿಕ ಭಾಗ ಇಷ್ಟೇ. ಕಷ್ಟ ಇದ್ದದ್ದು ಬೇರೆ ಕಡೆ. ಗದಗಿನವರಿಗೆ ಸಿಟ್ಟು ಬಂತು. ಒಂದು ಫೋನ್ ನಂಬರ್ ತಿದ್ದಲು ಹುಬ್ಬಳ್ಳಿಗೆ ಫೋನ್ ಮಾಡಬೇಕಾ ಅಂದರು. ನ್ಯಾಯವಾದ ಮಾತು. ರಾತ್ರಿ ಪಾಳಿಯಲ್ಲಿ ಹುಬ್ಬಳ್ಳಿ ಆಫೀಸು ಮುಚ್ಚಿರುತ್ತದೆ. ಯಂತ್ರದ ಮುಂದೆ ನಿಂತವನಿಗೆ ಫೈಲು ತಿದ್ದುವ ಹಕ್ಕು ಇಲ್ಲ ಅಂದರೆ ಅವನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡು ತಿದ್ದುತ್ತಾನೆ. ಆಗ ಮೂರನೆಯ ಪ್ರತಿ ಹುಟ್ಟುತ್ತದೆ, ಅದು ಯಾವ ಸರ್ವರ್‌ಗೂ ಗೊತ್ತಿಲ್ಲದ ಪ್ರತಿ.

ಹಾಗಾಗಿ ಕೆಲಸವೇ ಊರು ಬದಲಿಸಲಿ ಅಂತ ಮಾಡಿದೆವು. ಗಿರಾಕಿ ಪ್ರೂಫ್ ಒಪ್ಪಿದ ದಿನ ಆ ಕೆಲಸದ ಇಡೀ ಫೋಲ್ಡರ್ 'ವಿನ್ಯಾಸ'ದಿಂದ 'ಅಚ್ಚಿಗೆ' ಹೋಗುತ್ತದೆ: ಚಿತ್ರ, ಫಾಂಟ್, ಮೂಲ ಫೈಲು, ಪಿಡಿಎಫ್ ಎಲ್ಲ ಸೇರಿ. ಅಲ್ಲಿಂದ ಮುಂದೆ ಅದು ಗದಗಿನ ಸ್ವತ್ತು. ಹುಬ್ಬಳ್ಳಿಯವರು ನೋಡಬಹುದು, ಮುಟ್ಟುವಂತಿಲ್ಲ. ಸಾಗಿಸಲು ವಿಂಡೋಸ್‌ನ ಕಾಪಿ ಆದೇಶವಾದ ರೋಬೋಕಾಪಿ ಬಳಸುವ ಚಿಕ್ಕ ಸ್ಕ್ರಿಪ್ಟ್. ಅದು ಕಾಪಿ ಮಾಡುತ್ತದೆ, ಎರಡೂ ಕಡೆಯ ಫೈಲುಗಳ ಚೆಕ್‌ಸಮ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸುತ್ತದೆ, ಸರಿ ಇದ್ದರೆ ಮಾತ್ರ ಮೂಲ ಅಳಿಸುತ್ತದೆ. ರೋಬೋಕಾಪಿಯಲ್ಲಿ ಎಂಐಆರ್ ಅನ್ನುವ ಆಯ್ಕೆ ಇದೆ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಆಚೆ ಕಡೆಯಿಂದ ಅಳಿಸಿಹಾಕುತ್ತದೆ. ಅದನ್ನು ಇಲ್ಲಿ ಬೇಕಂತಲೇ ಬಿಟ್ಟಿದ್ದೇವೆ.

ಗಿರಾಕಿ ಕೊಡುವ ಫೋಟೋ, ಲೋಗೋಗಳದ್ದು ಇನ್ನೊಂದು ತೊಡಕು. ಅವು ಎರಡೂ ಕೌಂಟರ್‌ಗೆ ಬರುತ್ತವೆ. ಒಂದು ಊರಿನದು ಅಂತ ಹೇಳುವ ಹಾಗಿಲ್ಲ. ಎರಡು ಫೋಲ್ಡರ್ ಮಾಡಿದೆವು, 'ಗದಗ ಕೌಂಟರ್', 'ಹುಬ್ಬಳ್ಳಿ ಕೌಂಟರ್'. ನೋಡಲು ಚೆಂದ ಇಲ್ಲ, ಕೆಲವೊಮ್ಮೆ ಒಂದೇ ಲೋಗೋ ಎರಡೂ ಕಡೆ ಇರುತ್ತದೆ. ಇರಲಿ ಬಿಡಿ. ಡಿಸ್ಕ್ ಜಾಗಕ್ಕಿಂತ ಕ್ಯಾಲೆಂಡರ್ ಕಾಗದ ದುಬಾರಿ.

ಹೊಸ ಜೋಡಣೆಗೆ ಡೇಟಾವನ್ನು ಲೈನ್ ಮೇಲೆ ಎಳೆಯಲಿಲ್ಲ. ಹಾರ್ಡ್‌ಡಿಸ್ಕ್‌ನಲ್ಲಿ ತುಂಬಿ ಮತ್ತೆ ಬಸ್ಸಿಗೇ ಹಾಕಿದೆವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಎರಡು ಫೈಲು ಒಂದೇನಾ ಅಂತ ನೋಡುವಾಗ ಡಿಎಫ್‌ಎಸ್ ಒಳಗಿನ ವಿಷಯದ ಜೊತೆ ಅನುಮತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅನುಮತಿ ಬಿಟ್ಟು ಬರೀ ಫೈಲು ಕಾಪಿ ಮಾಡಿದರೆ, ಅದರ ಕಣ್ಣಿಗೆ ಎಲ್ಲವೂ ಬೇರೆ ಫೈಲು. ಇಡೀ ಡಿಸ್ಕ್ ಮತ್ತೆ ಲೈನ್ ಮೇಲೆ ಹರಿಯುತ್ತದೆ.

ಯುಪಿಎಸ್ ಹೊಸದು ಬಂತು. ಬ್ಯಾಟರಿ ಇಳಿದಾಗ ಅದೇ ಸರ್ವರ್‌ಗೆ ಹೇಳಿ ಸರಿಯಾಗಿ ಶಟ್‌ಡೌನ್ ಮಾಡಿಸುತ್ತದೆ. 2213 ಬಂದರೆ ಲೆಕ್ಕದ ಹುಡುಗನ ಫೋನಿಗೆ ಸಂದೇಶ ಹೋಗುತ್ತದೆ. ಸಾಲಿನಲ್ಲಿ ಎಷ್ಟು ಫೈಲು ಬಾಕಿ ಇವೆ ಅನ್ನುವ ಬ್ಯಾಕ್‌ಲಾಗ್ ಎಣಿಕೆ ದಿನಾ ಬೆಳಿಗ್ಗೆ ಎರಡೂ ಆಫೀಸಿಗೆ ಬರುತ್ತದೆ. ಬ್ಯಾಕಪ್ ಬೇರೆಯೇ ಇದೆ, ಪ್ರತಿ ರಾತ್ರಿ. ರೆಪ್ಲಿಕೇಷನ್ ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ಕೇಳಿದರು. ಗದಗಿನಲ್ಲಿ ಅಳಿಸಿದ್ದು ಕ್ಷಣದಲ್ಲಿ ಹುಬ್ಬಳ್ಳಿಯಲ್ಲೂ ಅಳಿಸುತ್ತದೆ ಅಂತ ಒಂದು ಪರೀಕ್ಷೆ ಫೈಲಿನಲ್ಲಿ ತೋರಿಸಿದ ಮೇಲೆ ಮತ್ತೆ ಕೇಳಲಿಲ್ಲ.

ದೀಪಾವಳಿ ಎರಡು, ಪಂಚಾಂಗ ಒಂದು

ನ್ಯಾಸ್ ಪೆಟ್ಟಿಗೆ ಮೂಲ ಜಗಳದಲ್ಲಿ ಇರಲಿಲ್ಲ. ಆದರೆ ಅದರೊಳಗೆ ಒಂದು ಸ್ವಾರಸ್ಯ ಸಿಕ್ಕಿತು. ಕನ್ನಡದಲ್ಲಿ ಫೈಲಿಗೆ ಹೆಸರಿಡುವ ಯಾರಿಗಾದರೂ ಉಪಯೋಗವಾದೀತು.

ಅಲ್ಲಿ 'ದೀಪಾವಳಿ' ಅನ್ನುವ ಎರಡು ಫೋಲ್ಡರ್ ಪಕ್ಕಪಕ್ಕ ಕೂತಿದ್ದವು. ಅಕ್ಷರ ಅಕ್ಷರ ಒಂದೇ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲವಲ್ಲ? 'ನೋಟ್‌ಬುಕ್' ಕೂಡ ಎರಡು. ಆದರೆ 'ಪಂಚಾಂಗ' ಒಂದೇ, 'ಲಗ್ನಪತ್ರಿಕೆ' ಒಂದೇ. ಸುಳಿವು ಇದ್ದದ್ದು ಇಲ್ಲೇ.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ, ಚಿಹ್ನೆಗೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. 'ದೀ'ಯಲ್ಲಿನ ದೀರ್ಘವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಹ್ರಸ್ವ ಗುಡಿಸು ಮತ್ತು ದೀರ್ಘದ ಗೆರೆ ಅಂತ ಒಡೆದು ಎರಡಾಗಿ ಇಡಬಹುದು. 'ಕೇ', 'ಕೈ', 'ಕೊ', 'ಕೋ'ಗಳಲ್ಲಿರುವ ಚಿಹ್ನೆಗಳೂ ಹಾಗೆಯೇ. ತೆರೆಯ ಮೇಲೆ ಎರಡೂ ಒಂದೇ ಕಾಣುತ್ತವೆ. ವಿಂಡೋಸ್‌ನಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಒಟ್ಟುಗೂಡಿದ ರೂಪ ಬರುತ್ತದೆ. ಮ್ಯಾಕ್‌ಗೆ ಮೊದಲಿಂದ ಒಡೆದು ಬರೆಯುವ ಅಭ್ಯಾಸ. ಲಿನಕ್ಸ್‌ಗೆ ಹೆಸರು ಅಂದರೆ ಬರೀ ಬೈಟ್‌ಗಳ ಸಾಲು. ಬೈಟ್ ಬೇರೆ ಇದ್ದರೆ ಫೋಲ್ಡರ್ ಬೇರೆ. 'ಪಂಚಾಂಗ'ದಲ್ಲಿ, 'ಲಗ್ನಪತ್ರಿಕೆ'ಯಲ್ಲಿ ಒಡೆಯುವ ಚಿಹ್ನೆಯೇ ಇಲ್ಲ. ಹಾಗಾಗಿ ಅವು ಬಚಾವಾದವು.

ಯಾರೋ ವೇಗ ಸಿಗಲಿ ಅಂತ ಆ ಮ್ಯಾಕ್‌ಗಳನ್ನು ನ್ಯಾಸ್‌ಗೆ ಎನ್‌ಎಫ್‌ಎಸ್ ಮೂಲಕ ಜೋಡಿಸಿದ್ದರು. ವಿಂಡೋಸ್‌ಗಳು ಅದೇ ಫೋಲ್ಡರ್‌ಗೆ ಎಸ್‌ಎಂಬಿಯಲ್ಲಿ ಬರುತ್ತಿದ್ದವು. ನೆಟ್‌ವರ್ಕ್‌ನಲ್ಲಿ ಫೈಲು ಹಂಚುವ ಎರಡು ಬೇರೆ ಭಾಷೆ ಇವು, ಒಂದೇ ಕೋಣೆಗೆ ಎರಡು ಬಾಗಿಲು. ಮ್ಯಾಕ್‌ನ ಎನ್‌ಎಫ್‌ಎಸ್‌ನಲ್ಲಿ ಹೆಸರುಗಳನ್ನು ಒಟ್ಟುಗೂಡಿದ ರೂಪಕ್ಕೆ ತಂದು ಕಳಿಸುವ ಒಂದು ಆಯ್ಕೆ ಇದೆ, ಅದನ್ನು ಹಾಕಿರಲಿಲ್ಲ. ಇನ್ನೊಂದು ಎಡವಟ್ಟು, ಮಾಮೂಲಿ ಎನ್‌ಎಫ್‌ಎಸ್ ಜೋಡಣೆಯಲ್ಲಿ ಬಳಕೆದಾರರನ್ನು ಗುರುತಿಸುವುದು ಬರೀ ಒಂದು ಸಂಖ್ಯೆಯಿಂದ. ಮ್ಯಾಕ್‌ನ ಮೊದಲ ಬಳಕೆದಾರನ ಸಂಖ್ಯೆ 501, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 1000. ಮ್ಯಾಕ್‌ನಿಂದ ಬಂದ ಫೈಲುಗಳಿಗೆಲ್ಲ ಆ ಪೆಟ್ಟಿಗೆಯಲ್ಲಿ ವಾರಸುದಾರನೇ ಇರಲಿಲ್ಲ. ಎಲ್ಲರನ್ನೂ ಎಸ್‌ಎಂಬಿಗೆ ತಂದೆವು. ಮ್ಯಾಕ್ ಕೂಡ 2013ರಿಂದ ಅದನ್ನೇ ಮುಖ್ಯವಾಗಿ ಬಳಸುತ್ತದೆ. ಜೋಡಿ ಫೋಲ್ಡರ್‌ಗಳನ್ನು ಕೈಯಿಂದಲೇ ಕೂಡಿಸಿದೆವು.

ಹೆಸರಿನ ಉದ್ದದ್ದು ಇನ್ನೊಂದು ರಗಳೆ. ಈ ಪೆಟ್ಟಿಗೆಯ ಡಿಸ್ಕ್‌ನಲ್ಲಿ ಫೈಲು ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಕ್ಷರ, ಒತ್ತಿನ ಕೊಂಡಿ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಸಂಕೇತ. 'ಲಗ್ನಪತ್ರಿಕೆ' ಅನ್ನುವುದಕ್ಕೇ 11 ಸಂಕೇತ, 33 ಬೈಟ್. ಒಟ್ಟು 85 ಸಂಕೇತಕ್ಕೆ ಹೆಸರು ಮುಗಿಯಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಣಿಸುವುದು ಬೈಟ್‌ಗಳನ್ನಲ್ಲ, ಅಲ್ಲಿ ಇಂಥ 255 ಸಂಕೇತ ಹಿಡಿಸುತ್ತವೆ. ವರನ ಹೆಸರು, ವಧುವಿನ ಹೆಸರು, ಊರು, ತಾರೀಖು, ಕೊನೆಗೆ 'ಫೈನಲ್ ಕರೆಕ್ಷನ್ ಹೊಸದು' ಅಂತ ಬರೆದ ಲಗ್ನಪತ್ರಿಕೆಗಳು ವಿಂಡೋಸ್ ಸರ್ವರ್‌ನಲ್ಲಿ ಆರಾಮಾಗಿದ್ದವು. ನ್ಯಾಸ್‌ಗೆ ಹೋಗದೆ ಹಿಂದೆ ಉಳಿದಿದ್ದವು. ಈಗ ಕೆಲಸದ ಸಂಖ್ಯೆ ಮತ್ತು ಒಂದೆರಡು ಪದ ಸಾಕು ಅನ್ನುವ ನಿಯಮ ಇದೆ. ಅರ್ಧ ಜನ ಪಾಲಿಸುತ್ತಾರೆ.

ಎಕ್ಸ್‌ಪಿ ಮತ್ತು ಜಿ ಡ್ರೈವ್

ಪ್ಲೇಟ್ ಯಂತ್ರದ ಎಕ್ಸ್‌ಪಿಗೆ ಬರುವುದು ಹಳೆಯ ಎಸ್‌ಎಂಬಿ1 ಭಾಷೆ ಮಾತ್ರ. 2017ರ ಮೇ ತಿಂಗಳಲ್ಲಿ ಫೈಲುಗಳನ್ನು ಒತ್ತೆ ಇಟ್ಟುಕೊಳ್ಳುವ ವನ್ನಾಕ್ರೈ ವೈರಸ್ ಹರಡಿದ್ದು ಅದೇ ಎಸ್‌ಎಂಬಿ1ರ ತೂತಿನಿಂದ. ಈ ಒಂದು ಕಂಪ್ಯೂಟರ್‌ಗಾಗಿ ಗದಗಿನ ಸರ್ವರ್‌ನಲ್ಲಿ ಅದನ್ನು ತೆರೆದೇ ಇಟ್ಟಿದ್ದರು. ಅದನ್ನು ಮುಚ್ಚಿದೆವು. ನಡುವೆ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆ ಕೂರಿಸಿದೆವು. ಲಿನಕ್ಸ್‌ನಲ್ಲಿ ಎಸ್‌ಎಂಬಿ ಮಾತಾಡುವ ಸಾಫ್ಟ್‌ವೇರ್ ಸಾಂಬಾ, ಅದರಲ್ಲಿ 4.11 ಆವೃತ್ತಿಯಿಂದ ಎಸ್‌ಎಂಬಿ1 ಹುಟ್ಟಾ ಬಂದ್. ನಾವು ಆ ಪೆಟ್ಟಿಗೆಯಲ್ಲಿ ಮಾತ್ರ, ಎಕ್ಸ್‌ಪಿ ಕಡೆಯ ತಂತಿಗೆ ಮಾತ್ರ ತೆರೆದೆವು. 'ಅಚ್ಚಿಗೆ'ಯಿಂದ ಒಪ್ಪಿದ ಪಿಡಿಎಫ್‌ಗಳು ಅದರ ಮೂಲಕ ಯಂತ್ರಕ್ಕೆ ಹೋಗುತ್ತವೆ. ಅಲ್ಲಿಂದ ಏನೂ ವಾಪಸ್ ಬರುವುದಿಲ್ಲ, ಇಂಟರ್ನೆಟ್ಟೂ ಇಲ್ಲ.

ಬಗೆಹರಿಯದೆ ಉಳಿದದ್ದು ಜಿ ಡ್ರೈವ್. ಪ್ರೆಸ್‌ನ ಹಳೇ ಪುಸ್ತಕಗಳು, ಪಂಚಾಂಗಗಳು ಪೇಜ್‌ಮೇಕರ್ ಅನ್ನುವ ಹಳೆಯ ಪುಟ ವಿನ್ಯಾಸ ಸಾಫ್ಟ್‌ವೇರ್‌ನಲ್ಲಿವೆ. ಅದರ ಕೊನೆಯ ದೊಡ್ಡ ಆವೃತ್ತಿ 7 ಬಂದದ್ದು 2001ರಲ್ಲಿ. ಈ ಫೈಲುಗಳಲ್ಲಿ ಚಿತ್ರಗಳ ಕೊಂಡಿಗಳೆಲ್ಲ ಜಿ ಡ್ರೈವ್‌ನ ಪೂರ್ತಿ ವಿಳಾಸ ಹಿಡಿದು ಕೂತಿವೆ. ಅಕ್ಷರಗಳು ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿವೆ. ಮರುಮುದ್ರಣ ಬಂದಾಗಲೆಲ್ಲ ಇವನ್ನು ತೆರೆಯಬೇಕು. ಹೊಸ ನೇಮ್‌ಸ್ಪೇಸ್ ಇವಕ್ಕೆ ಅರ್ಥವಾಗುವುದಿಲ್ಲ. ಹಾಗಾಗಿ ಡಿಟಿಪಿ ಕಂಪ್ಯೂಟರ್‌ಗಳಲ್ಲಿ ಜಿ ಅನ್ನುವ ಅಕ್ಷರವನ್ನು 'ಹಳೇ ಕೆಲಸ'ಕ್ಕೆ ಓದುವ ಹಕ್ಕಿನೊಂದಿಗೆ ಕಟ್ಟಿಟ್ಟಿದ್ದೇವೆ. ಮರುಮುದ್ರಣಕ್ಕೆ ಬಂದ ಪುಸ್ತಕವನ್ನು ಆಗಾಗ್ಗೆ ಒಂದೊಂದಾಗಿ ಇನ್‌ಡಿಸೈನ್‌ಗೆ, ಯೂನಿಕೋಡ್‌ಗೆ ತಂದು 'ವಿನ್ಯಾಸ'ಕ್ಕೆ ಸೇರಿಸುತ್ತಾರೆ. ಬೇಡಿಕೆ ಇಲ್ಲದವು ಜಿಯಲ್ಲೇ ಇವೆ. ಮೊನ್ನೆ ಗದಗಿನ ಹೊಸ ಹುಡುಗನೊಬ್ಬ ಪೆನ್‌ಡ್ರೈವ್‌ಗೂ ಅದೇ ಜಿ ಅಕ್ಷರ ಕೊಟ್ಟು ಒಂದು ಮಧ್ಯಾಹ್ನ ಪಂಚಾಂಗದ ಚಿತ್ರಗಳೆಲ್ಲ ಮಾಯವಾಗಿದ್ದವು. ಈಗ ಆ ಕಂಪ್ಯೂಟರ್‌ಗಳಲ್ಲಿ ಪೆನ್‌ಡ್ರೈವ್ ಬಂದ್.